ಆಂಡ್ರೊಮಿಡಾ ನೋಡಲು ಹೊರಟವರಿಗೆ ಒಂದು ಸಲಹೆ

ನವೆಂಬರ್ ಅಮಾವಾಸ್ಯೆಗೆ ಊರಾಚೆ ಹೋಗಿ ನಮ್ಮ ಕ್ಷೀರಪಥದ ನೆರೆಯ ಗೆಲಾಕ್ಸಿಯಾದ ಆಂಡ್ರೊಮಿಡಾ ನೋಡುವವರೇ, ದಯವಿಟ್ಟು ಮೊಬೈಲ್ ಜೇಬಿನಲ್ಲೇ ಇರಲಿ. ಕಣ್ಣು ಕತ್ತಲಿಗೆ ಚೆನ್ನಾಗಿ ಒಗ್ಗಲು 20–30 ನಿಮಿಷ ಬೇಕು. ಪರದೆ ಒಮ್ಮೆ ಬೆಳಗಿದರೂ ಕಾದದ್ದೆಲ್ಲ ವ್ಯರ್ಥ. ಟಾರ್ಚ್ ಬೇಕೇ ಬೇಕೆಂದರೆ ಅದರ ಗಾಜಿಗೆ ಕೆಂಪು ಜಿಲೆಟಿನ್ ಪೇಪರ್ ಎರಡು ಸುತ್ತು ಕಟ್ಟಿ.

ಎಲ್ಲಕ್ಕಿಂತ ಮುಖ್ಯ, ನೇರ ದಿಟ್ಟಿಸಬೇಡಿ. ಮಂದ ಬೆಳಕು ಹಿಡಿಯುವ ರಾಡ್ ಕೋಶಗಳು ಅಕ್ಷಿಪಟದ ನಟ್ಟನಡುವೆ ಇಲ್ಲವೇ ಇಲ್ಲ, ಇರುವುದು ಸುತ್ತಲೂ. ನೋಟವನ್ನು ತುಸು ಪಕ್ಕಕ್ಕೆ ಸರಿಸಿ. ಹಿಂಜಿದ ಹತ್ತಿಯಂಥ ಬಿಳಿ ಮಬ್ಬು ಮೆಲ್ಲಗೆ ಮೂಡುತ್ತದೆ. ನೇರ ನೋಡಿದಿರೋ, ಮಾಯ! ಅದು ಸುಮಾರು 25 ಲಕ್ಷ ವರ್ಷಗಳ ಹಿಂದೆ ಹೊರಟ ಬೆಳಕು. ಮಕ್ಕಳಿಗೂ ಹೀಗೇ ತೋರಿಸಿ, ಅವಸರ ಮಾಡಬೇಡಿ.