ಹಿಂದಿನ ರಾತ್ರಿಯೇ ಮಾಡಿಡುವ ತಣ್ಣನೆ ಸಿಹಿ

ದಾವಣಗೆರೆಯಲ್ಲಿ ಶಿವರಾತ್ರಿ ಕಳೆಯಿತು ಅಂದ್ರೆ ಒಲೆ ಮುಂದೆ ನಿಲ್ಲೋಕೆ ಆಗುವುದಿಲ್ಲ. ಮನೆ ತುಂಬ ನೆಂಟರು ಸೇರುವುದೂ ಅದೇ ಹೊತ್ತಿಗೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ, ಆಮೇಲೆ ಯುಗಾದಿ, ಅದರ ಬೆನ್ನಿಗೇ ಮದುವೆ, ಸೀಮಂತ, ಗೃಹಪ್ರವೇಶ. ಊಟಕ್ಕೆ ಹೋಳಿಗೆ ಇರಲಿ, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಊಟ ಮುಗಿಸಿ ಫ್ಯಾನ್ ಕೆಳಗೆ ಕಾಲು ಚಾಚಿ ಕೂತವರಿಗೆ ಒಂದು ಬಟ್ಟಲು ತಣ್ಣನೆಯ ಫ್ರೂಟ್ ಸಲಾಡ್ ಕೊಟ್ಟು ನೋಡಿ. ಅವರ ಮುಖವೇ ಹೇಳುತ್ತದೆ.

ಈ ಹಳೇ ಕಾಲದ ಸಿಹಿಗಳಲ್ಲಿ ನನಗೆ ಇಷ್ಟವಾಗುವುದು ಒಂದೇ ವಿಷಯ. ಎಲ್ಲವನ್ನೂ ಹಿಂದಿನ ರಾತ್ರಿಯೇ ಮಾಡಿಡಬಹುದು. ನೆಂಟರು ಬಂದಾಗ ಮನೆಯವಳೂ ಅವರ ಜೊತೆ ಕೂತು ಮಾತಾಡಬಹುದು. ಓವನ್ ಬೇಡ, ಹೊಸ ಪಾತ್ರೆಯೂ ಬೇಡ.

ಮೊದಲು ಫ್ರೂಟ್ ಸಲಾಡ್‌ಗೆ ಬೇಕಾದ ಕಸ್ಟರ್ಡ್, ಅಂದರೆ ಕಸ್ಟರ್ಡ್ ಪುಡಿ ಹಾಕಿ ಗಟ್ಟಿ ಮಾಡಿದ ಸಿಹಿ ಹಾಲು. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬಾತ ಈ ಪುಡಿ ಕಂಡುಹಿಡಿದ. ಅವನ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ. ಅದಕ್ಕೇ ಮೊಟ್ಟೆಯ ಬದಲು ಜೋಳದ ಪಿಷ್ಟ ಹಾಕಿ ಮಾಡಿದ. ಮೊಟ್ಟೆ ಮುಟ್ಟದ ನಮ್ಮ ಮನೆಗಳಿಗೂ ಅದು ಒಗ್ಗಿಕೊಂಡಿತು.

ಇಪ್ಪತ್ತೈದು ಜನಕ್ಕೆ 2 ಲೀಟರ್ ಗಟ್ಟಿ ಹಾಲು, 7 ದೊಡ್ಡ ಚಮಚ ವೆನಿಲಾ ಕಸ್ಟರ್ಡ್ ಪುಡಿ, 250 ಗ್ರಾಂ ಸಕ್ಕರೆ ಸಾಕು. ನೀಲಿ ಪ್ಯಾಕೆಟ್ ಹಾಲು ತೆಳುವಾಗುತ್ತದೆ, ದಪ್ಪ ಹಾಲನ್ನೇ ತನ್ನಿ. ಒಂದು ಲೋಟ ಹಾಲನ್ನು ತಣ್ಣಗೇ ತೆಗೆದಿಟ್ಟು ಅದರಲ್ಲಿ ಪುಡಿ ಕದಡಿ. ಬಿಸಿ ಹಾಲಿಗೆ ಹಾಕಿದರೆ ಆ ಕ್ಷಣವೇ ಗಂಟು. ಉಳಿದ ಹಾಲು ಕುದಿ ಬಂದ ಮೇಲೆ ಸಕ್ಕರೆ ಹಾಕಿ ಉರಿ ಸಣ್ಣ ಮಾಡಿ. ಕದಡಿದ ಪುಡಿ ಅಷ್ಟರಲ್ಲಿ ತಳಕ್ಕೆ ಕೂತಿರುತ್ತದೆ, ಇನ್ನೊಮ್ಮೆ ತಿರುವಿ. ಒಂದು ಕೈಯಲ್ಲಿ ಸಣ್ಣಗೆ ಸುರಿಯುತ್ತಾ ಇನ್ನೊಂದು ಕೈಯಲ್ಲಿ ಸೌಟು ಆಡಿಸುತ್ತಲೇ ಇರಿ.

ಹಾಲು ದಪ್ಪವಾದ ತಕ್ಷಣ ಒಲೆ ಆರಿಸುವುದು ಎಲ್ಲರೂ ಮಾಡುವ ತಪ್ಪು. ಕಸ್ಟರ್ಡ್ ಗುಳುಗುಳು ಅಂತ ಗುಳ್ಳೆ ಎದ್ದು ಎರಡು ಮೂರು ನಿಮಿಷ ಕುದಿಯಲೇಬೇಕು. ಇಲ್ಲದಿದ್ದರೆ ಹಸಿ ಹಿಟ್ಟಿನ ರುಚಿ ಉಳಿಯುತ್ತದೆ. ಸೌಟಿನ ಬೆನ್ನಿಗೆ ಅಂಟಿದ ಕಸ್ಟರ್ಡ್ ಮೇಲೆ ಬೆರಳಿಂದ ಒಂದು ಗೆರೆ ಎಳೆಯಿರಿ. ಗೆರೆ ಮುಚ್ಚಿಕೊಳ್ಳದೆ ಹಾಗೇ ನಿಂತರೆ ಆಯಿತು. ಬಿಸಿಯಲ್ಲಿ ಸ್ವಲ್ಪ ನೀರಾಗಿ ಕಂಡರೂ ಚಿಂತೆ ಬೇಡ, ತಣ್ಣಗಾದಾಗ ಗಟ್ಟಿಯಾಗುತ್ತದೆ.

ಕಸ್ಟರ್ಡ್ ತಣ್ಣಗಾಗಿಸುವುದು ಇನ್ನೊಂದು ಕೆಲಸ. ನಮ್ಮ ಮನೆಗೆ ಫ್ರಿಜ್ ಬರುವ ಮುಂಚೆ ಅಮ್ಮ ಪಾತ್ರೆಯನ್ನು ನೀರು ತುಂಬಿದ ಬೋಗುಣಿಯಲ್ಲಿಟ್ಟು, ಸುತ್ತ ಒದ್ದೆ ಬಟ್ಟೆ ಕಟ್ಟಿ ಕಿಟಕಿಯ ಹತ್ತಿರ ಇಡುತ್ತಿದ್ದಳು. ಜನ ಜಾಸ್ತಿ ಇದ್ದಾಗ ಅಪ್ಪ ಗೋಣಿಚೀಲದಲ್ಲಿ ಐಸ್ ಗಡ್ಡೆ ಸುತ್ತಿ ತರುತ್ತಿದ್ದರು. ಅದನ್ನು ಒಡೆದು ಬೋಗುಣಿಗೆ ಹಾಕಿ ಮೇಲೆ ಒಂದು ಹಿಡಿ ಕಲ್ಲುಪ್ಪು. ಉಪ್ಪು ಬಿದ್ದರೆ ಐಸಿನ ಉಷ್ಣತೆ ಇನ್ನೂ ಕೆಳಗಿಳಿಯುತ್ತದೆ. ಈಗಲೂ ನಾನು ಮೊದಲು ನೀರಿನ ಬೋಗುಣಿಯಲ್ಲೇ ಆರಿಸುತ್ತೇನೆ. ಬಿಸಿ ಪಾತ್ರೆ ಫ್ರಿಜ್‌ಗೆ ಇಟ್ಟರೆ ಅಲ್ಲಿರುವ ಬೇರೆ ಪದಾರ್ಥವೂ ಬೆಚ್ಚಗಾಗುತ್ತದೆ. ಆರುವಾಗ ಐದೈದು ನಿಮಿಷಕ್ಕೆ ಕೈಯಾಡಿಸಿದರೆ ಮೇಲೆ ಕೆನೆ ಕಟ್ಟುವುದಿಲ್ಲ.

ಹಣ್ಣು ಒಂದೂವರೆ ಕಿಲೋ ಇರಲಿ. ದಾಳಿಂಬೆ ಬಿಡಿಸಿ ಹಿಂದಿನ ದಿನವೇ ಡಬ್ಬಿಗೆ ಹಾಕಿಡಬಹುದು. ಹಿರಿಯೂರು, ಹೊಸದುರ್ಗದ ಕಡೆ ಬೆಳೆಯುವ ಕೆಂಪು ದಾಳಿಂಬೆ ಬಟ್ಟಲಿಗೆ ಬಣ್ಣವನ್ನೂ ಕೊಡುತ್ತದೆ. ಬೀಜವಿಲ್ಲದ ದ್ರಾಕ್ಷಿಯನ್ನು ತೊಳೆದು ಬಟ್ಟೆಯಲ್ಲಿ ಒರೆಸಿ. ಸೇಬು, ಬಾಳೆ, ಸಪೋಟ, ಬಾದಾಮಿ ಮಾವು ಮಾತ್ರ ಬಡಿಸುವ ಅರ್ಧ ಗಂಟೆ ಮುಂಚೆ ಹೆಚ್ಚಿ. ಕಲ್ಲಂಗಡಿ ಬೇಡ, ನೀರು ಬಿಟ್ಟುಕೊಳ್ಳುತ್ತದೆ.

ಹಸಿ ಅನಾನಸ್ ಅಂತೂ ಹಾಕಲೇಬೇಡಿ. ತಂಗಿಯ ಸೀಮಂತಕ್ಕೆ ನಾನು ರಾತ್ರಿಯೇ ಅನಾನಸ್ ಬೆರೆಸಿಟ್ಟಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಕಸ್ಟರ್ಡ್ ನೀರಾಗಿತ್ತು, ಒಂದು ಚಮಚ ಬಾಯಿಗಿಟ್ಟರೆ ಕಹಿ. ಅಷ್ಟನ್ನೂ ಚೆಲ್ಲಬೇಕಾಯಿತು. ಆ ಹಣ್ಣಿನಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ. ಹಸಿ ಪಪ್ಪಾಯಿಯದೂ ಅದೇ ಕಥೆ. ಅನಾನಸ್ ಬೇಕೇ ಬೇಕು ಅನ್ನುವವರು ಸಕ್ಕರೆ ಪಾಕದಲ್ಲಿ ಚೆನ್ನಾಗಿ ಕುದಿಸಿ, ಆರಿಸಿ, ಪಾಕ ಸೋಸಿ ಹಾಕಲಿ.

ಎರಡನೆಯದು ಚೈನಾ ಗ್ರಾಸ್. ಹೆಸರಲ್ಲಿ ಹುಲ್ಲಿದ್ದರೂ ಇದು ಸಮುದ್ರದ ಕೆಂಪು ಪಾಚಿಯಿಂದ ಬರುವ, ಹಾಲನ್ನು ಗಟ್ಟಿ ಮಾಡುವ ಪದಾರ್ಥ. ಅದೇ ಕೆಲಸ ಮಾಡುವ ಜೆಲಾಟಿನ್ ಪ್ರಾಣಿಯದು, ಸೆಕೆಗೆ ಕರಗುತ್ತದೆ. ಚೈನಾ ಗ್ರಾಸ್ ಒಮ್ಮೆ ಗಟ್ಟಿಯಾದರೆ ಮೇ ತಿಂಗಳಲ್ಲಿ ಕರೆಂಟ್ ಹೋದರೂ ಅಲುಗಾಡುವುದಿಲ್ಲ. ನಮ್ಮ ಊರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ನನ್ನ ಅನಿಸಿಕೆ.

10 ಗ್ರಾಂ ಎಳೆಗಳನ್ನು ಕತ್ತರಿಸಿ ಅರ್ಧ ಗಂಟೆ ನೆನೆಸಿ. ನೀರು ಬಸಿದು, ಒಂದೂವರೆ ಲೋಟ ಹೊಸ ನೀರಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ. ಒಂದು ಎಳೆಯೂ ಕಾಣಬಾರದು, ಎಂಟು ಹತ್ತು ನಿಮಿಷ ಹಿಡಿಯುತ್ತದೆ. ಪಕ್ಕದ ಒಲೆಯಲ್ಲಿ 1 ಲೀಟರ್ ಹಾಲು, 150 ಗ್ರಾಂ ಸಕ್ಕರೆ, ಏಲಕ್ಕಿ ಕುದಿಯುತ್ತಿರಲಿ. ಎರಡೂ ಬಿಸಿ ಇರುವಾಗಲೇ ಸೋಸಿ ಬೆರೆಸಿ. ಹಾಲು ತಣ್ಣಗಿದ್ದರೆ ಚೈನಾ ಗ್ರಾಸ್ ಅಲ್ಲೇ ಚೂರುಚೂರಾಗಿ ಹೆಪ್ಪುಗಟ್ಟುತ್ತದೆ. ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಎರಡು ನಿಮಿಷ ಬಿಟ್ಟು ತಟ್ಟೆ ಓರೆ ಮಾಡಿ. ಹನಿ ಜಾರದಿದ್ದರೆ ಹದ ಸರಿ. ತಟ್ಟೆಗೆ ಸುರಿಯುವ ಮುಂಚೆ ಎಳನೀರಿನ ಎಳೆ ಗಂಜಿಯನ್ನು ಸಣ್ಣಗೆ ಹೆಚ್ಚಿ ತಳಕ್ಕೆ ಹರಡಿದರೆ ರುಚಿ ಬೇರೆಯೇ. ಕರಗುವುದಿಲ್ಲ ಅಂತ ಇಡೀ ಮಧ್ಯಾಹ್ನ ಹೊರಗಿಡಬೇಡಿ, ಅದರಲ್ಲಿರುವುದು ಹಾಲು ಅಲ್ವಾ.

ಬಿಸ್ಕೆಟ್ ಪುಡಿಂಗ್ ಬಲು ಸುಲಭ. ಬೆಣ್ಣೆ ದೋಸೆಯ ಊರಲ್ಲಿ ಬೆಣ್ಣೆಗೇನು ಬರ? 200 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ತಣ್ಣೀರಲ್ಲಿ ತೊಳೆದು ಮಜ್ಜಿಗೆ ಅಂಶ ತೆಗೆಯಿರಿ. 150 ಗ್ರಾಂ ಪುಡಿ ಸಕ್ಕರೆ, 3 ಚಮಚ ಕೋಕೋ ಪುಡಿ ಸೇರಿಸಿ ಹಗುರಾಗುವ ತನಕ ಕೈಯಲ್ಲೇ ನಾದಿ. ಮಾರಿ ಬಿಸ್ಕೆಟನ್ನು ಆರಿದ ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ ತಕ್ಷಣ ತೆಗೆಯಿರಿ, ಮುಳುಗಿಸಿ ಬಿಟ್ಟರೆ ಮುದ್ದೆಯಾಗುತ್ತದೆ. ಒಂದು ಸಾಲು ಬಿಸ್ಕೆಟ್, ಒಂದು ಪದರ ಬೆಣ್ಣೆ, ಹೀಗೆ ನಾಲ್ಕೈದು ಸಲ. ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಇದು ಮಾತ್ರ ಹೊರಗೆ ಬೇಗ ಮೆತ್ತಗಾಗುತ್ತದೆ, ಹಾಗಾಗಿ ಸಣ್ಣ ತುಂಡು ಮಾಡಿ ಕೊನೆಗೆ ಕೊಡಿ.

ಬಟ್ಟಲುಗಳನ್ನೂ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಹಣ್ಣು ಬೆರೆಸುವ ಮುಂಚೆ ಎರಡು ಲೋಟ ಬರೀ ಕಸ್ಟರ್ಡ್ ಎತ್ತಿಟ್ಟುಕೊಳ್ಳಿ. ಅಚ್ಚಿಗೆ ಸುರಿದು ಕಡ್ಡಿ ಚುಚ್ಚಿ ಫ್ರೀಜರ್‌ಗೆ ಹಾಕಿದರೆ, ಮರುದಿನ ಉಳಿದುಕೊಂಡ ಮಕ್ಕಳಿಗೆ ಕ್ಯಾಂಡಿ ಆಗುತ್ತದೆ.