ಹಲ್ಲುಜ್ಜುವಾಗ ಕೈ ಹಗುರವಿರಲಿ

ಪಾತ್ರೆ ಉಜ್ಜುತ್ತೇವೆ, ನೆಲ ಉಜ್ಜುತ್ತೇವೆ, ಹಲ್ಲನ್ನೂ ಉಜ್ಜುತ್ತೇವೆ. ಮೂರಕ್ಕೂ ಮಾತು ಒಂದೇ ಆದದ್ದಕ್ಕೋ ಏನೋ, ಕೈಯ ಬಿರುಸೂ ಒಂದೇ ಆಗಿಬಿಟ್ಟಿದೆ. ಗಟ್ಟಿಯಾಗಿ ಉಜ್ಜಿದಷ್ಟೂ ಚೊಕ್ಕಟ ಎಂದು ನಾನೂ ವರ್ಷಗಟ್ಟಲೆ ನಂಬಿದ್ದೆ. ಒಂದು ದಿನ ತಣ್ಣೀರು ಕುಡಿಯುವಾಗ ಎಡಗಡೆಯ ಮೇಲಿನ ಕೋರೆಹಲ್ಲು ಜುಮ್ಮೆಂದಿತು. ಕನ್ನಡಿಯ ಮುಂದೆ ನಿಂತು, ತುಟಿ ಎತ್ತಿ, ವಸಡಿನ ಅಂಚಿನಲ್ಲಿ ಉಗುರಾಡಿಸಿದೆ. ಉಗುರು ಸಿಕ್ಕಿಕೊಂಡಿತು. ಮರಕ್ಕೆ ಕೊಡಲಿಯಿಂದ ಕಚ್ಚು ಹಾಕಿದಂತೆ ಅಲ್ಲೊಂದು ಸಣ್ಣ ಗೀರು. ‘ಇದು ಹುಳುಕಲ್ಲ, ನಿಮ್ಮ ಬ್ರಷ್ ಸವೆಸಿದ್ದು’ ಎಂದರು ದಂತವೈದ್ಯರು. ಬಲಗೈಯಲ್ಲಿ ಉಜ್ಜುವವರ ಎಡಗಡೆಯ ಹಲ್ಲುಗಳಲ್ಲಿ ಇಂಥ ಗೀರನ್ನು ಅವರು ಮತ್ತೆ ಮತ್ತೆ ನೋಡಿದ್ದಾರಂತೆ.

ಹಲ್ಲಿನ ಹೊರಗವಚ ಎನಾಮಲ್. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬೇರಿಲ್ಲ; ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಬರೀ ಖನಿಜ. ಆದರೆ ಅದರೊಳಗೆ ಜೀವಕೋಶಗಳಿಲ್ಲ. ಚರ್ಮ ಕಿತ್ತರೆ ಮತ್ತೆ ಬರುತ್ತದೆ, ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಸವೆದ ಎನಾಮಲ್ ಮಾತ್ರ ಮತ್ತೆ ಬೆಳೆಯುವುದಿಲ್ಲ. ಅದರ ಕೆಳಗಿರುವ ಡೆಂಟಿನ್ ಮೆತ್ತಗಿನ ಪದರ. ಅದರ ತುಂಬ ಹಲ್ಲಿನ ನರದತ್ತ ಸಾಗುವ ಸೂಕ್ಷ್ಮ ನಾಳಗಳು. ಜುಮ್ಮೆನ್ನುವುದು ಅಲ್ಲಿಂದಲೇ.

ಮೊದಲು ಬ್ರಷ್ ನೋಡಿ

ನೀವು ಬಳಸುತ್ತಿರುವ ಬ್ರಷ್ಷನ್ನು ಮೇಲಿನಿಂದ ನೋಡಿ. ತಂದು ತಿಂಗಳಾಗುವಷ್ಟರಲ್ಲೇ ಎಳೆಗಳು ಎರಡೂ ಕಡೆ ಕೆದರಿ ಬಾಗಿದ್ದರೆ, ನೀವು ಹೆಚ್ಚು ಒತ್ತುತ್ತಿದ್ದೀರಿ ಎಂದೇ ಅರ್ಥ. ಮುಂದಿನ ಸಲ ‘ಸಾಫ್ಟ್’ ಎಂದು ಬರೆದಿರುವುದನ್ನೇ ತನ್ನಿ. ಗಟ್ಟಿ ಎಳೆಯ ಬ್ರಷ್ ಯಾರಿಗೂ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಬ್ರಷ್ ತೆಗೆಯಬೇಕಾದ ಪಾಚಿ ಬೆಣ್ಣೆಯಷ್ಟು ಮೆತ್ತಗಿರುತ್ತದೆ. ಅದು ಗಟ್ಟಿಯಾಗಿ ಕಿಟ್ಟ ಕಟ್ಟಿತೋ, ಎಷ್ಟು ಉಜ್ಜಿದರೂ ಬರುವುದಿಲ್ಲ. ಮೂರು–ನಾಲ್ಕು ತಿಂಗಳಿಗೊಮ್ಮೆ ಬ್ರಷ್ ಬದಲಿಸಿ. ಕೆದರಿದರೆ ಅದಕ್ಕೂ ಮೊದಲೇ.

ತಿಂದ ಕೂಡಲೇ ಬೇಡ

ಹುಳಿ ಹಣ್ಣು, ಹಣ್ಣಿನ ರಸ, ಸೋಡಾ ಪಾನೀಯ ಇವೆಲ್ಲ ಆಮ್ಲ. ಆಮ್ಲದ ಅಳತೆ ಪಿಎಚ್; ಅದು ಇಳಿದಷ್ಟೂ ಆಮ್ಲ ಹೆಚ್ಚು. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರುವಾಗುತ್ತದೆ, ಮೇಲ್ಪದರ ಮೆತ್ತಗಾಗುತ್ತದೆ. ಆ ಹೊತ್ತಿನಲ್ಲೇ ಬ್ರಷ್ ಹಾಕಿದರೆ ಮೆತ್ತಗಾದ ಪದರ ಎಳೆಗಳ ಜೊತೆ ಹೋಗುತ್ತದೆ. ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಆಮ್ಲವನ್ನು ತಗ್ಗಿಸಿ, ಕರಗಿದ ಕ್ಯಾಲ್ಸಿಯಂ, ಫಾಸ್ಫೇಟ್‌ಗಳನ್ನು ಹಲ್ಲಿಗೆ ವಾಪಸ್ ಕೊಡುವ ಕೆಲಸವನ್ನು ಜೊಲ್ಲು ಮಾಡುತ್ತದೆ. ವಾಂತಿಯಾದಾಗ, ಹುಳಿತೇಗಿನಿಂದ ಬಾಯಿಗೆ ಆಮ್ಲ ಬಂದಾಗಲೂ ಇದೇ ಕ್ರಮ.

ಇನ್ನು ಉಜ್ಜುವ ಬಗೆ

ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯಬೇಡಿ, ಪೆನ್ನಿನ ಹಾಗೆ ಬೆರಳ ತುದಿಯಲ್ಲಿ ಹಿಡಿಯಿರಿ. ಇಷ್ಟರಿಂದಲೇ ಒತ್ತಡ ತಾನಾಗಿ ಇಳಿಯುತ್ತದೆ. ಹಲ್ಲು ವಸಡಿಗೆ ಸೇರುವ ಗೆರೆಯ ಮೇಲೆ ಎಳೆಗಳನ್ನು 45 ಡಿಗ್ರಿ ಓರೆಯಾಗಿ ಇಡಿ. ಅಲ್ಲೇ ನಡುಗಿಸಿದ ಹಾಗೆ ಸಣ್ಣದಾಗಿ ಆಡಿಸಿ, ಆಮೇಲೆ ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಸವರಿ. ಒಂದು ಸಲಕ್ಕೆ ಎರಡು–ಮೂರು ಹಲ್ಲು ಸಾಕು. ಗರಗಸದಂತೆ ಅಡ್ಡಡ್ಡ ಎಳೆಯುವುದೇ ನನ್ನ ಕೋರೆಹಲ್ಲಿಗೆ ಗೀರು ಮಾಡಿದ್ದು.

ಹೊರಮೈ ಆದ ಮೇಲೆ ಒಳಮೈ, ಕೊನೆಗೆ ಜಗಿಯುವ ಮೈ. ಕೆಳಗಿನ ಮುಂದಿನ ಹಲ್ಲುಗಳ ಒಳಮೈಗೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿಕೊಳ್ಳಿ. ಆ ಜಾಗವನ್ನು ಬಹಳ ಜನ ಮರೆಯುತ್ತಾರೆ, ಕಿಟ್ಟ ಬೇಗ ಕಟ್ಟುವುದೂ ಅಲ್ಲೇ. ಒಟ್ಟು ಎರಡು ನಿಮಿಷ, ದಿನಕ್ಕೆ ಎರಡು ಸಲ. ರಾತ್ರಿಯದನ್ನಂತೂ ಬಿಡಲೇಬೇಡಿ, ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಹಲ್ಲಿಗೆ ಕಾವಲೇ ಇರುವುದಿಲ್ಲ.

ಉಗುಳಿ, ಮುಕ್ಕಳಿಸಬೇಡಿ

ಇದನ್ನು ಹೇಳಿದರೆ ಮನೆಯಲ್ಲೂ ಯಾರೂ ಒಪ್ಪುವುದಿಲ್ಲ, ಆದರೂ ಹೇಳುತ್ತೇನೆ. ಪೇಸ್ಟಿನಲ್ಲಿ ನಿಜವಾಗಿ ಹಲ್ಲು ಕಾಯುವುದು ಫ್ಲೋರೈಡ್. ನಾಲ್ಕು ಸಲ ನೀರು ತುಂಬಿ ಮುಕ್ಕಳಿಸಿದರೆ ಅದೂ ತೊಳೆದುಹೋಗುತ್ತದೆ. ನೊರೆಯನ್ನು ಚೆನ್ನಾಗಿ ಉಗುಳಿ, ಅಷ್ಟಕ್ಕೇ ಬಿಡಿ. ಮೊದಲ ವಾರ ಬಾಯಲ್ಲಿ ಏನೋ ಉಳಿದಂತೆ ಅನ್ನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ. ಮೌತ್‌ವಾಶ್ ಬಳಸುವವರು ಅದನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಅದರಲ್ಲಿ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಇರುವುದಾದರೆ ವೈದ್ಯರು ಹೇಳಿದಷ್ಟು ದಿನ ಮಾತ್ರ, ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ. ಮಕ್ಕಳಿಗೆ ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಉಜ್ಜುವಾಗ ದೊಡ್ಡವರು ಹತ್ತಿರವಿರಬೇಕು.

ಬೆಳ್ಳಗಾಗಿಸುವ ಆಸೆ

ನಿಂಬೆರಸ ಹಚ್ಚುವುದು, ಇದ್ದಿಲ ಪುಡಿಯಲ್ಲಿ ತಿಕ್ಕುವುದು, ಇವನ್ನು ಇಂದೇ ನಿಲ್ಲಿಸಿ. ನಿಂಬೆರಸದ ಪಿಎಚ್ 2ರಿಂದ 3, ಎನಾಮಲ್ ತಾಳಿಕೊಳ್ಳುವ ಮಟ್ಟಕ್ಕಿಂತ ಎಷ್ಟೋ ಕೆಳಗೆ. ಒರಟು ಪುಡಿ ಮೇಲಿನ ಕಲೆ ತೆಗೆಯುವಾಗ ಹಲ್ಲನ್ನೂ ತೆಗೆಯುತ್ತದೆ. ಡೆಂಟಿನ್ನಿನ ಸಹಜ ಬಣ್ಣವೇ ಹಳದಿ. ಎನಾಮಲ್ ತೆಳುವಾದಷ್ಟೂ ಅದು ಹೆಚ್ಚು ಎದ್ದು ಕಾಣುತ್ತದೆ. ಬೆಳ್ಳಗಾಗಲೆಂದು ತಿಕ್ಕಿದವರ ಹಲ್ಲು ಕೆಲವು ವರ್ಷಗಳಲ್ಲಿ ಮೊದಲಿಗಿಂತ ಹಳದಿಯಾಗುವುದು ಹೀಗೆ.

ಸಂದುಗಳು

ಸಿಕ್ಕಿಕೊಂಡದ್ದನ್ನು ತೆಗೆಯಲು ಪಿನ್ನು, ಬೆಂಕಿಕಡ್ಡಿ ಹಾಕಬೇಡಿ; ವಸಡಿಗೆ ಗಾಯವಾಗುತ್ತದೆ. ಫ್ಲಾಸ್ ದಾರವನ್ನು ಮೆಲ್ಲಗೆ ಇಳಿಸಿ, ಹಲ್ಲಿನ ಬದಿಗೆ ಬಳಸಿ ಮೇಲೆ ಕೆಳಗೆ ಎಳೆಯಿರಿ. ಸಂದು ಅಗಲವಿದ್ದರೆ ಸಂದಿಗೇ ಎಂದು ಸಿಗುವ ಪುಟ್ಟ ಬ್ರಷ್ ಒಳ್ಳೆಯದು. ಬಾಟಲಿ ಮುಚ್ಚಳ, ದಾರ, ಪೊಟ್ಟಣಗಳಿಗೆ ಕತ್ತರಿ ಹುಡುಕಿ, ಹಲ್ಲು ಹಾಕಬೇಡಿ.

ರಕ್ತ ಬಂದರೆ

ರಕ್ತ ಕಂಡ ಕೂಡಲೇ ಆ ಜಾಗ ಬಿಟ್ಟು ಉಜ್ಜುವವರು ಬಹಳ. ಹೆಚ್ಚಿನ ಸಲ ರಕ್ತ ಬರುವುದೇ ಅಲ್ಲಿ ಪಾಚಿ ಕೂತು ವಸಡು ಊದಿಕೊಂಡಿರುವುದರಿಂದ. ಬಿಟ್ಟಷ್ಟೂ ಊತ ಹೆಚ್ಚುತ್ತದೆ. ಮೆತ್ತಗಿನ ಬ್ರಷ್‌ನಿಂದ ಅಲ್ಲೇ ಹಗುರವಾಗಿ ಸವರುತ್ತ ಬನ್ನಿ. ಒಂದೆರಡು ವಾರದಲ್ಲಿ ತಗ್ಗದಿದ್ದರೆ ದಂತವೈದ್ಯರ ಹತ್ತಿರ ಹೋಗಿ. ಕಿಟ್ಟ ಇದ್ದರೆ ತೆಗೆಸಲೇಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ಬೇಡ. ಸಂದುಗಳಲ್ಲಿ ತುಂಬಿದ್ದ ಕಿಟ್ಟ ಹೋದಾಗ ಅಲ್ಲಿ ಖಾಲಿ ಅನ್ನಿಸುತ್ತದೆ, ಊತ ಇಳಿದು ವಸಡು ಸ್ವಲ್ಪ ಕೆಳಗೆ ಕಾಣುತ್ತದೆ. ಕೆಲವು ದಿನ ತಣ್ಣೀರಿಗೆ ಜುಮ್ಮೆನ್ನಲೂಬಹುದು. ಆ ದಿನಗಳಲ್ಲೂ ಬ್ರಷ್ ನಿಲ್ಲಿಸದೆ, ಕೈಯನ್ನು ಇನ್ನಷ್ಟು ಹಗುರ ಮಾಡಿಕೊಂಡು ಮುಂದುವರಿಸಿ.