ವಿಯೆಟ್ನಾಂ ಪಾಠಕ್ಕೆ ಹಾಲೇರಿ ಅರಸರು ಬಂದ ಕಥೆ

ವಿರಾಜಪೇಟೆ ಕಡೆಯ ಪಿಯು ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ದೊಡ್ಡವರ ಜಗಳದ ನಡುವೆ ಸಣ್ಣ ದೇಶ ಹೇಗೆ ಬದುಕುತ್ತದೆ ಅನ್ನೋದನ್ನು ಮೊದಲೆಲ್ಲ ನೋಟ್ಸ್ ಬರೆಸಿಯೇ ಮುಗಿಸುತ್ತಿದ್ದೆ. ಯಾರ ಬಣಕ್ಕೂ ಸೇರದ ಅಲಿಪ್ತ ನೀತಿ, ಅದರ 1961ರ ಬೆಲ್‌ಗ್ರೇಡ್ ಸಮ್ಮೇಳನ, ಐದು ಅಂಕದ ಪ್ರಶ್ನೆ. ಹೊರಗೆ ಜಡಿಮಳೆ, ಒಳಗೆ ಅರ್ಧ ತರಗತಿಗೆ ತೂಕಡಿಕೆ.

ಒಂದು ದಿನ ವಿಯೆಟ್ನಾಂ ಹೆಸರು ಬಂದಾಗ ಹಿಂದಿನ ಬೆಂಚಿನ ಹುಡುಗ ತಲೆ ಎತ್ತಿದ. "ಸರ್, ನಮ್ಮ ಮೆಣಸಿನ ರೇಟ್ ಹಾಳು ಮಾಡೋದು ಅವರೇ ಅಲ್ವಾ?"

ತಪ್ಪೇನಿಲ್ಲ. ಕಾಳುಮೆಣಸು, ರೊಬಸ್ಟಾ ಕಾಫಿ ಎರಡರಲ್ಲೂ ಲೋಕಕ್ಕೆ ಮುಂದೆ ಅವರೇ. ಸುಂಕದ ರಿಯಾಯಿತಿ ಇರುವ ಶ್ರೀಲಂಕಾ ಸುತ್ತಿಕೊಂಡು ಅವರ ಮೆಣಸು ಇಲ್ಲಿಗೆ ಬರುತ್ತೆ ಅನ್ನೋದು ನಮ್ಮ ಬೆಳೆಗಾರರ ಹಳೇ ದೂರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ದರ ಕಟ್ಟಿದ್ದು ಇದೇ ಗಲಾಟೆಗೆ. ಅವತ್ತು ಪುಸ್ತಕ ಮುಚ್ಚಿಟ್ಟೆ.

ಅಮೆರಿಕದ ಜೊತೆ ವರ್ಷಗಟ್ಟಲೆ ಯುದ್ಧ ಮಾಡಿದ ದೇಶ ಅದು. 1979ರಲ್ಲಿ ಚೀನಾ ಜೊತೆಗೂ ಹೊಡೆದಾಡಿತು. ಆಮೇಲೆ 1991ರಲ್ಲಿ ಚೀನಾ ಜೊತೆ, 1995ರಲ್ಲಿ ಅಮೆರಿಕದ ಜೊತೆ ಸಂಬಂಧ ಸರಿ ಮಾಡಿಕೊಂಡಿತು. ಈಗ ಮಾಲು ತರಿಸೋದು ಚೀನಾದಿಂದ ಜಾಸ್ತಿ, ಮಾರೋದು ಅಮೆರಿಕಕ್ಕೆ ಜಾಸ್ತಿ. 2023ರ ಸೆಪ್ಟೆಂಬರಿನಲ್ಲಿ ಬೈಡನ್ ಹನೋಯ್‌ಗೆ ಬಂದರು, ಡಿಸೆಂಬರಿನಲ್ಲಿ ಷಿ ಜಿನ್‌ಪಿಂಗ್, 2024ರ ಜೂನ್‌ನಲ್ಲಿ ಪುಟಿನ್. ಮೂವರಿಗೂ ಮರ್ಯಾದೆ ಆಯಿತು. ಯಾರ ಸೇನಾ ಕೂಟಕ್ಕೂ ಸೇರಲ್ಲ, ಯಾರ ನೆಲೆಗೂ ಜಾಗ ಕೊಡಲ್ಲ ಅಂತ ಮೊದಲೇ ಬರೆದಿಟ್ಟಿದ್ದಾರೆ. ಅವರ ನಾಯಕರಾಗಿದ್ದ ನುಯೆನ್ ಫು ಟ್ರೋಂಗ್ ಇದನ್ನು ಬಿದಿರಿಗೆ ಹೋಲಿಸಿದ್ದರು: ಬೇರು ಗಟ್ಟಿ, ರೆಂಬೆ ಬಾಗುತ್ತೆ. "ನಾವು ಕಣಿಲೆ ಇದ್ದಾಗಲೇ ತಿಂದುಬಿಡ್ತೀವಿ ಸರ್" ಅಂದಳು ಒಬ್ಬಳು. ಇಡೀ ತರಗತಿ ನಕ್ಕಿತು.

ಅವಳೇ ಆಮೇಲೆ ಮುಖ್ಯವಾದ ಮಾತು ಹೇಳಿದ್ದು. "ನಮ್ಮಪ್ಪ ಮೆಣಸಿನ ಸ್ಯಾಂಪಲ್ ಇಬ್ಬರು ವ್ಯಾಪಾರಿಗಳಿಗೆ ತೋರಿಸ್ತಾರೆ. ಆದ್ರೆ ಅಕ್ಕನ ಮದುವೆ ವರ್ಷ ಒಬ್ಬರ ಹತ್ರ ಅಡ್ವಾನ್ಸ್ ತಗೊಂಡಿದ್ರು. ಆ ವರ್ಷ ಅವರು ಹೇಳಿದ್ದೇ ರೇಟ್."

ಹಂಬನ್‌ತೋಟ ಬಂದರಿನ ಕಥೆ ವಿವರಿಸಲು ಇದಕ್ಕಿಂತ ಇನ್ನೇನು ಬೇಕು? 2017ರಲ್ಲಿ ಶ್ರೀಲಂಕಾ ಆ ಬಂದರನ್ನು 99 ವರ್ಷಕ್ಕೆ ಚೀನಾ ಕಂಪನಿಗೆ ಗುತ್ತಿಗೆ ಕೊಟ್ಟು ಸುಮಾರು 112 ಕೋಟಿ ಡಾಲರ್ ಪಡೆಯಿತು. ಚೀನಾ ಸಾಲಕ್ಕೆ ಬಂದರು ಜಪ್ತಿಯಾಯಿತು ಅಂತ ಸುಮ್ನೆ ಹೇಳುವವರಿದ್ದಾರೆ. ಜಪ್ತಿ ಅದಲ್ಲ. ಲಂಕೆಗೆ ಆಗ ಹೊರಗಿನ ಮಾರುಕಟ್ಟೆಯ ಬಾಂಡ್ ಸಾಲವೂ ದೊಡ್ಡ ಹೊರೆ, ಕೈಯಲ್ಲಿ ಡಾಲರ್ ಬೇಕಿತ್ತು. ಅರ್ಜೆಂಟ್ ಇದ್ದವನಿಗೆ ಚೌಕಾಸಿ ಎಲ್ಲಿ ಬರುತ್ತೆ!

ಮರುದಿನ ಒಂದು ಸೇರು ಕಾಫಿ ಬೀಜ ತಗೊಂಡು ಹೋದೆ. ಕಿಟಕಿ ಪಕ್ಕದವರು ಒಂದು ದೊಡ್ಡ ದೇಶ, ಬಾಗಿಲ ಪಕ್ಕದವರು ಇನ್ನೊಂದು, ನಡುವಿನ ಐವರು ಸಣ್ಣ ದೇಶ. ಬೀಜವೇ ದುಡ್ಡು. ಇಬ್ಬರೂ ಪೈಪೋಟಿಯಲ್ಲಿ ಬೀಜ ಸುರಿದರು. ನಡುವಿನವರ ಡೆಸ್ಕ್ ತುಂಬಿತು, ಒಬ್ಬ ಜೇಬಿಗೂ ತುಂಬಿಕೊಂಡ. ಆಗ ಕಿಟಕಿ ಕಡೆಯವರಿಗೆ, "ನೀವು ಯುದ್ಧದಲ್ಲಿ ಸೋತಿರಿ, ಹೊರಗೆ ಹೋಗಿ" ಅಂದೆ. ಐದು ನಿಮಿಷ ಆಗಿರಲಿಲ್ಲ, ಬಾಗಿಲ ಕಡೆಯವರು ಬಂದು ಬೀಜ ವಾಪಸ್ ಕೇಳತೊಡಗಿದರು. ಡೆಸ್ಕೂ ನಮ್ಮದೇ ಅಂದರು!

ಆಗ ಬೋರ್ಡಿನ ಮೇಲೆ ಮೂರು ಇಸವಿ ಬರೆದೆ. 1790: ಕೊಡಗಿನ ಹಾಲೇರಿ ಅರಸ ದೊಡ್ಡವೀರರಾಜೇಂದ್ರ ಟಿಪ್ಪು ವಿರುದ್ಧ ಇಂಗ್ಲಿಷರ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಿದ್ದು. ಆಗ ಕಂಪನಿಗೆ ಕೊಡಗು ಬೇಕಿತ್ತು. ಮಲಬಾರಿನಿಂದ ಶ್ರೀರಂಗಪಟ್ಟಣಕ್ಕೆ ಸೈನ್ಯ ಹತ್ತಬೇಕಾದದ್ದು ಈ ಘಾಟಿಯಲ್ಲೇ. 1799: ಟಿಪ್ಪು ಸತ್ತಿದ್ದು. 1834: ಅದೇ ಕಂಪನಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿದ್ದು. ನೆಪಗಳು ಬೇಕಾದಷ್ಟಿದ್ದವು. ಆದರೆ ಇನ್ನೊಬ್ಬ ಗಿರಾಕಿ ಇಲ್ಲದ ಮೇಲೆ ಸಣ್ಣ ರಾಜ್ಯಕ್ಕೆ ಬೆಲೆ ಎಲ್ಲಿಂದ ಬರಬೇಕು ಅನ್ನೋದು ನನ್ನ ಲೆಕ್ಕ.

ಜೇಬು ತುಂಬಿಕೊಂಡಿದ್ದ ಹುಡುಗ ಎದ್ದು ನಿಂತ. "ಹಾಗಾದ್ರೆ ಸರ್, ಟಿಪ್ಪು ಸೋಲದೇ ಇದ್ದಿದ್ರೆ ನಮಗೆ ಒಳ್ಳೇದಿತ್ತಾ?"

ಕೊಡಗಿನಲ್ಲಿ ಕೂತು ಈ ಪ್ರಶ್ನೆ! ತರಗತಿ ಒಂದು ಕ್ಷಣ ಗಪ್‌ಚುಪ್. ಆಮೇಲೆ ಎಲ್ಲರೂ ಒಟ್ಟಿಗೇ ಶುರು ಹಚ್ಚಿಕೊಂಡರು. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ನಾನು ಕೆಳಗೆ ಬಿದ್ದ ಬೀಜ ಆರಿಸುತ್ತಾ ಕೇಳಿಸಿಕೊಂಡೆ.